ಟೀವಿಯ ಬಣ್ಣ ತಿದ್ದಲು ಹೋಗಿ...

ನಿಮ್ಮ ಮನೆಯ ಟೀವಿಯ ದನಿ ಎಷ್ಟರ ಮೇಲಿರುತ್ತದೆ, ಸೋದರಿಯರೇ? ಹನ್ನೆರಡೋ, ಹದಿನೈದೋ, ಇಪ್ಪತ್ತೋ? ಥಟ್ಟನೆ ಕೇಳಿದರೆ ಹೇಳಲು ಬರುವುದಿಲ್ಲ, ಅಲ್ಲವೇ? ಹಾಲಿನವನಿಗೆ ಕೊಡಬೇಕಾದ ಬಾಕಿ, ಗ್ಯಾಸ್ ಹಚ್ಚಿದ ತಾರೀಖು, ಯಾರ ಮದುವೆಗೆ ಎಷ್ಟು ಮುಯ್ಯಿ ಮಾಡಿದೆವು ಎಂಬುದನ್ನೆಲ್ಲ ನೆನಪಿಡುವ ನಮಗೆ ಈ ಅಂಕಿಯನ್ನು ನೆನಪಿಡುವ ಪ್ರಸಂಗವೇ ಬರುವುದಿಲ್ಲ. ನನಗೂ ಹೋದ ವರ್ಷದ ದೀಪಾವಳಿಯವರೆಗೆ ಬಂದಿರಲಿಲ್ಲ. ಈಗ ನೋಡಿ, ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಗೀಟುಗಳ ಪಕ್ಕ ಈ ಅಂಕಿಗಳೂ ಇವೆ. ಯಾಕೆ ಬಂದವು ಎಂಬುದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಬನಹಟ್ಟಿಯವಳು. ಎಸ್.ಎಸ್.ಎಲ್.ಸಿ. ಪಾಸಾದದ್ದೇ ನನ್ನ ವಿದ್ಯೆ. ನಮ್ಮದು ಬಾಗಲಕೋಟೆ ಜಿಲ್ಲೆಯ ನೇಕಾರರ ಊರು. ಪಕ್ಕದ ರಬಕವಿಯೂ ಹಾಗೆಯೇ. ಎರಡೂ ಊರಿಗೆ ಸೇರಿ ಒಂದೇ ನಗರಸಭೆ. ಬಸ್ಸಿನಿಂದ ಇಳಿದು ನೇಕಾರರ ಯಾವ ಓಣಿಗೆ ತಿರುಗಿದರೂ ಖಟಕ್ ಖಟಕ್ ಎಂಬ ಮಗ್ಗದ ಸದ್ದು ನಿಮ್ಮನ್ನು ಎದುರುಗೊಳ್ಳುತ್ತದೆ. ನಮ್ಮ ಮನೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ನಾಲ್ಕು ಪವರ್‌ಲೂಮುಗಳ ಶೆಡ್ಡಿದೆ. ನಮ್ಮ ಮನೆಯವರು ಹದಿನಾರನೇ ವಯಸ್ಸಿಗೆ ಮಗ್ಗದ ಮುಂದೆ ನಿಂತವರು, ಈಗ ಅವರಿಗೆ ಐವತ್ತೆರಡು. ನಾನು ಅಡುಗೆ, ಮುಸುರೆ ಮುಗಿಸಿ ಕಂಡಿಕೆ ಸುತ್ತಲು ಕೂಡುತ್ತೇನೆ. ಹೊರಗಿನವರು ಬಂದರೆ "ಈ ಗದ್ದಲದಾಗ ಹೆಂಗ ಇರ್ತೀರಿ?" ಅಂತ ಕೇಳುತ್ತಾರೆ. ನಮಗೆ ಗದ್ದಲ ಕೇಳಿಸುವುದು ಕರೆಂಟು ಹೋಗಿ ಅದು ನಿಂತಾಗಲೇ!

ದೀಪಾವಳಿಗೆ ಪುಣೆಯಲ್ಲಿ ಕೆಲಸ ಮಾಡುವ ಮಗ ನಲವತ್ಮೂರು ಇಂಚಿನ ಹೊಸ ಟೀವಿ ಕಳಿಸಿದ. ನನ್ನ ಮದುವೆಯ ಮರುವರ್ಷ ತಂದ ಡಬ್ಬಿಯಂಥ ಹಳೇ ಟೀವಿ ಅಷ್ಟೊತ್ತಿಗೆ ಅರ್ಧ ಪರದೆ ಹಸಿರಾಗಿ ಕೂತಿತ್ತು. ಹೊಸದನ್ನು ಗೋಡೆಗೆ ಹಾಕಲು ಬಂದ ಹುಡುಗನಿಗೆ ಇನ್ನೂ ಮೂರು ಮನೆಗೆ ಹೋಗುವುದಿತ್ತು. ಪಡಸಾಲೆಯಲ್ಲಿ ದೇವರ ಫೋಟೋ ಸಾಲಿನ ಸಮಕ್ಕೆ ಎತ್ತರದಲ್ಲಿ ಮೊಳೆ ಹೊಡೆದ, ಏನೋ ನಾಲ್ಕು ಸಲ ಒತ್ತಿದ, ಚಹಾ ಕುಡಿದು ಹೋದ.

ಮೊದಲ ಎರಡು ದಿನ ನಮಗೆಲ್ಲ ಭಾರಿ ಖುಷಿ. ಏನು ಬೆಳಕು, ಏನು ಬಣ್ಣ! ಮೂರನೇ ದಿನ ಅತ್ತೆಯವರು ಕಣ್ಣು ಒರೆಸಿಕೊಳ್ಳುತ್ತ, "ಯವ್ವಾ, ಇವರ ಮಾರಿ ನೋಡ, ಎಲ್ಲಾರೂ ಅರಿಷಿಣ ಕುಂಕುಮ ಕಲಿಸಿ ಬಳಕೊಂಡಂಗ ಕಾಣ್ತಾರ" ಎಂದರು. ನೋಡಿದರೆ ಹೌದು. ವಾರ್ತೆ ಓದುವವಳ ಕೆನ್ನೆ ಬೆಂದ ಗಜ್ಜರಿಯಂತಿತ್ತು. ಗದ್ದೆಯ ಹಸಿರು ಪ್ಲಾಸ್ಟಿಕ್ ಹಸಿರು. ಹಳೇ ಸಿನಿಮಾ ಹಾಕಿದರೆ ನಾಯಕ ಓಡಿ ಬರುವುದು ಜಾರಿಬಂಡೆಯ ಮೇಲೆ ಜಾರಿದಂತೆ ಕಾಣುತ್ತಿತ್ತು. ದನಿಯದ್ದಂತೂ ಹೇಳುವುದೇ ಬೇಡ. ಹಿನ್ನೆಲೆ ಸಂಗೀತ ಢಣಢಣ, ಮಾತು ಮಾತ್ರ ಬಾಯಲ್ಲಿ ಅಡಿಕೆ ಇಟ್ಟುಕೊಂಡು ಆಡಿದ ಹಾಗೆ. ನಮ್ಮ ಮನೆಯವರು ಮಾತು ತಿಳಿಯಲಿ ಅಂತ ದನಿ ಏರಿಸುವರು. ಪಿ.ಯು.ಸಿ. ಎರಡನೇ ವರ್ಷದ ಮಗಳು ಪುಸ್ತಕ ಹಿಡಿದುಕೊಂಡು ಒಳಗಿಂದ "ಅಪ್ಪಾ, ಸಣ್ಣ ಮಾಡ್ರಿ!" ಎನ್ನುವಳು. ಅವರು ಮಾಡುತ್ತಿರಲಿಲ್ಲ. ಅವಳು ಬಂದು ತಾನೇ ಇಳಿಸಿ ರಿಮೋಟ್ ಕುಕ್ಕಿ ಹೋಗುವಳು. ದಿನಾ ರಾತ್ರಿ ಇದೇ ಜಗಳ.

ನನಗೆ ಆಗ ನೆನಪಾದದ್ದು ನನ್ನ ತವರು ತೇರದಾಳದ ಟೀವಿ. 1987ರ ಜನವರಿ 25, ರವಿವಾರ 'ರಾಮಾಯಣ' ಶುರುವಾದಾಗ ನನಗೆ ಎಂಟು ವರ್ಷ. ನಮ್ಮ ಓಣಿಗೆಲ್ಲ ಒಂದೇ ಟೀವಿ, ಕಟ್ಟಿಗೆಯ ಬಾಗಿಲು ಸರಿಸುವಂಥದ್ದು, ಕಪ್ಪು ಬಿಳುಪು. ದೇಶಕ್ಕೆ ಬಣ್ಣದ ಟೀವಿ 1982ರಲ್ಲೇ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಂದಿತ್ತಂತೆ. ನಮ್ಮ ಓಣಿಗೆ ಬಣ್ಣ ಬರುವ ಹೊತ್ತಿಗೆ ನಾನು ಹೈಸ್ಕೂಲಿನಲ್ಲಿದ್ದೆ. ಮಾಳಿಗೆ ಮೇಲೆ ಒಬ್ಬ ಹುಡುಗ ಆ್ಯಂಟೆನಾ ತಿರುಗಿಸುತ್ತ "ಬಂತೇನೋ?" ಎಂದು ಕೂಗುವುದು, ಕೆಳಗಿಂದ ಹತ್ತು ಬಾಯಿ ಒಮ್ಮೆಲೇ "ಬಂತು, ಬಂತು... ಹೋತು!" ಎನ್ನುವುದು. ಚಿತ್ರ ಮೇಲಕ್ಕೆ ಉರುಳತೊಡಗಿದರೆ ಹಿಂದಿನ ಒಂದು ಗುಬುಟನ್ನು ಕೂದಲೆಳೆಯಷ್ಟು ತಿರುವಿ ನಿಲ್ಲಿಸಬೇಕು. ಆ ಕೆಲಸ ಆ ಮನೆಯ ಅಜ್ಜನದು ಮಾತ್ರ. ಬೆಳಕಿಗೊಂದು ಗುಬುಟು, ಕಪ್ಪು-ಬಿಳುಪಿನ ಅಂತರಕ್ಕೊಂದು, ದನಿಗೊಂದು. ಅಷ್ಟೇ. ನನಗೆ ಹೆಚ್ಚು ನೆನಪಿರುವುದು ರಾಮನೂ ಅಲ್ಲ ಸೀತೆಯೂ ಅಲ್ಲ, ಆ ಹೊತ್ತಿಗೆ ಓಣಿಯ ಮಗ್ಗಗಳೆಲ್ಲ ನಿಂತು ಆಗುತ್ತಿದ್ದ ಸದ್ದಿಲ್ಲದ ಸದ್ದು.

ನಮ್ಮ ಅತ್ತೆಯವರದು ಅದಕ್ಕಿಂತ ಹಳೆಯ ಕಥೆ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದರ ಮೂಲಕ ನಮ್ಮ ಭಾಗದ ಕೆಲವು ಹಳ್ಳಿಗಳಿಗೆ ಟೀವಿ ತೋರಿಸಿದ್ದರು. 'ಸೈಟ್' ಎಂದು ಅದರ ಹೆಸರು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು ಆರಿಸಿದ್ದರು. ಆಗ ನಾವೂ ವಿಜಾಪುರ ಜಿಲ್ಲೆಗೇ ಸೇರಿದವರು, ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅತ್ತೆಯವರ ತವರಿನ ಹಳ್ಳಿಯಲ್ಲಿ ಸಾಲಿಯ ಮುಂದೆ "ಕೋಳಿ ಜಾಳಿಗಿ ಬಡದ ದೊಡ್ಡ ಛತ್ರಿ" ನಿಲ್ಲಿಸಿದ್ದರಂತೆ. "ಊರಿಗೆಲ್ಲ ಒಂದs ಟೀವಿ, ಒಂದs ದನಿ. ಸಣ್ಣ ಮಾಡ, ದೊಡ್ಡ ಮಾಡ ಅನ್ನಾಕ ಯಾರಿಗೂ ಹಕ್ಕ ಇರಲಿಲ್ಲ" ಎಂದು ನಗುತ್ತಾರೆ.

ಇರಲಿ, ನಮ್ಮ ಹೊಸ ಟೀವಿಗೆ ಬರೋಣ. ಒಂದು ಮಧ್ಯಾಹ್ನ ಎಲ್ಲರೂ ಅವರವರ ಕೆಲಸಕ್ಕೆ ಹೋದಾಗ ನಾನು ರಿಮೋಟ್ ಹಿಡಿದು ಕುಳಿತೆ. ಕೆಡಿಸಿಬಿಟ್ಟರೆ ಅನ್ನುವ ಹೆದರಿಕೆ ಇತ್ತು. ಮಗನಿಗೆ ಫೋನ್ ಮಾಡಿದರೆ, "ಅವ್ವಾ, ಅಲ್ಲಿ ಏನ ಒತ್ತಿದರೂ ಕೆಡಂಗಿಲ್ಲ. ತಪ್ಪಿದರ 'ರೀಸೆಟ್' ಅಂತ ಇರತೈತಿ, ಅದನ್ನ ಒತ್ತು" ಎಂದ. ಈ ಒಂದು ಮಾತು ನಿಮಗೂ ಧೈರ್ಯ ಕೊಡಲಿ.

ಮೊದಲ ದಿನ ನಾನು ತಿದ್ದಿದ್ದೆಲ್ಲ ಮರುದಿನ ಮತ್ತೆ ಮೊದಲಿನ ಹಾಗೇ ಆಗಿತ್ತು. ನನ್ನ ಕೈಗುಣವೇ ಸರಿಯಿಲ್ಲ ಅಂದುಕೊಂಡೆ. ಆಮೇಲೆ ತಿಳಿಯಿತು: ಹೊಸ ಟೀವಿ ಮೊದಲು ಹಚ್ಚುವಾಗ 'ಮನೆಗೋ, ಅಂಗಡಿಗೋ' ಎಂದು ಕೇಳುತ್ತದೆ. ಆ ಹುಡುಗ ಅವಸರದಲ್ಲಿ ಅಂಗಡಿ ಎಂದು ಒತ್ತಿಬಿಟ್ಟಿದ್ದ. ಅಂಗಡಿಯ ಟ್ಯೂಬ್‌ಲೈಟುಗಳ ನಡುವೆ ಹತ್ತು ಟೀವಿಗಳ ಸಾಲಿನಲ್ಲಿ ತಾನೇ ಎದ್ದು ಕಾಣಬೇಕೆಂದು ಅದು ಪೂರ್ತಿ ಬೆಳಕು, ಪೂರ್ತಿ ಬಣ್ಣ ಕಕ್ಕುತ್ತದೆ. ಯಾರು ತಿದ್ದಿದರೂ ಸ್ವಲ್ಪ ಹೊತ್ತಿಗೆ ತನ್ನ ಹಳೇ ಚಾಳಿಗೆ ಬರುತ್ತದೆ. ಸೀರೆ ಅಂಗಡಿಯ ದೀಪದ ಕೆಳಗೆ ನೋಡಿದ ಸೀರೆ ಮನೆಯಲ್ಲಿ ಬೇರೆಯೇ ಕಾಣುವುದಿಲ್ಲವೇ, ಹಾಗೆ! ಅದನ್ನು 'ಹೋಮ್' ಎಂಬುದಕ್ಕೆ ಬದಲಿಸಿದ ಮೇಲೆಯೇ ನನ್ನ ಕೆಲಸ ನಿಂತಿತು. ಕರೆಂಟೂ ಉಳಿಯುತ್ತದೆ.

ಆಮೇಲೆ ಚಿತ್ರದ ಪಟ್ಟಿ ತೆರೆದು 'ವಿವಿಡ್' ಎಂದಿದ್ದದ್ದನ್ನು 'ಸಿನಿಮಾ' ಎಂಬುದಕ್ಕೆ ಹಾಕಿದೆ. ಒಮ್ಮೆಲೇ ಎಲ್ಲ ಹಳದಿ, ಮಬ್ಬು. ಅಯ್ಯೋ ಎನ್ನಿಸಿತು. ಆದರೆ ತೆಗೆಯಬೇಡಿ, ಎರಡು ದಿನ ಬಿಡಿ. ನೀಲಿ ಜಾಸ್ತಿಯಾದ ಬಿಳಿ ಅಂಗಿಗೆ ಒಗ್ಗಿದ ಕಣ್ಣಿಗೆ ನಿಜವಾದ ಬಿಳಿ ಹಳದಿಯಾಗಿ ಕಾಣುತ್ತದೆ, ಅಷ್ಟೇ. ತೀರಾ ಹಳದಿ ಎನಿಸಿದರೆ 'ಕಲರ್ ಟೆಂಪರೇಚರ್' ಎಂಬಲ್ಲಿ 'ವಾರ್ಮ್'ನಿಂದ ಒಂದು ಮೆಟ್ಟಿಲು ಈಚೆಗೆ ತಂದರಾಯಿತು. ಕಣ್ಣು ಚುಚ್ಚುವುದನ್ನು ತಗ್ಗಿಸುವುದು 'ಬ್ಯಾಕ್‌ಲೈಟ್'. 'ಬ್ರೈಟ್‌ನೆಸ್' ಎಂಬುದು ಹೆಸರಿಗೆ ಬೆಳಕಾದರೂ ಬಹಳಷ್ಟು ಟೀವಿಗಳಲ್ಲಿ ಅದು ಕಪ್ಪು ಎಷ್ಟು ಕಪ್ಪಾಗಿರಬೇಕು ಎಂಬುದನ್ನು ತಿದ್ದುತ್ತದೆ. ಕೆಲವು ಕಂಪನಿಯವರು ಬೆಳಕಿಗೇ ಆ ಹೆಸರಿಟ್ಟಿದ್ದಾರೆ, ಒತ್ತಿ ನೋಡಿದರೆ ಗೊತ್ತಾಗುತ್ತದೆ. ನಾನು ಕಂಡುಕೊಂಡ ಅಳತೆ ಇದು: ಕಪ್ಪು ಕುಪ್ಪಸ ತೊಟ್ಟವಳ ಜಡೆ ಬೇರೆ, ಕುಪ್ಪಸ ಬೇರೆ ಕಾಣಬೇಕು. ಎರಡೂ ಕೂಡಿ ಒಂದೇ ಕಪ್ಪಾದರೆ ಬ್ರೈಟ್‌ನೆಸ್ ಕಡಿಮೆಯಾಯಿತು, ಜಡೆ ಬೂದಿ ಬಣ್ಣಕ್ಕೆ ತಿರುಗಿದರೆ ಹೆಚ್ಚಾಯಿತು. 'ಕಾಂಟ್ರಾಸ್ಟ್'ಗೆ ವಾರ್ತೆಯಲ್ಲಿ ಬರುವ ಮಂತ್ರಿಗಳ ಬಿಳಿ ಪಂಚೆ ನೋಡಿ. ನೆರಿಗೆ ಕಂಡರೆ ಸರಿ. ಸುಣ್ಣದ ಗೋಡೆಯಂತೆ ಕಂಡರೆ ಇಳಿಸಬೇಕು. (ಮಂತ್ರಿಗಳಿಂದ ನನಗಾದ ಉಪಯೋಗ ಇದೊಂದೇ!)

ಬಣ್ಣಕ್ಕೆ ಮಾತ್ರ ನಾನು ಜಾಣತನ ಮಾಡಲು ಹೋಗಿ ಮೋಸ ಹೋದೆ. ಬಣ್ಣದ ನೂಲಿನ ನಡುವೆ ಬೆಳೆದವಳು ನಾನು, ಕುಂಕುಮ ಕೆಂಪಿಗೂ ದಾಳಿಂಬೆ ಕೆಂಪಿಗೂ ಕಣ್ಣು ಮುಚ್ಚಿ ಭೇದ ಹೇಳುತ್ತೇನೆ ಎಂಬ ಜಂಬ. ಮಗಳಿಂದ ನನ್ನ ಸೀರೆಯೊಂದರ ಫೋಟೋ ತೆಗೆಸಿ, ಟೀವಿಯಲ್ಲಿ ಹಾಕಿಸಿ, ಪಕ್ಕದಲ್ಲಿ ನಿಜವಾದ ಸೀರೆ ಹಿಡಿದುಕೊಂಡು ಅರ್ಧ ತಾಸು ತಿದ್ದಿದೆ. ದಡಿಯ ಬಣ್ಣ ಕೂಡಿತು. ಆದರೆ ವಾರ್ತೆ ಹಾಕಿದರೆ ಎಲ್ಲರೂ ಹಸಿರು ಹಸಿರು. ಮೊಬೈಲ್ ಕ್ಯಾಮೆರಾ ಕೂಡ ತನಗೆ ಬೇಕಾದ ಬಣ್ಣ ಕಟ್ಟುತ್ತದೆ ಎಂಬುದು ಲಕ್ಷ್ಯಕ್ಕೇ ಬಂದಿರಲಿಲ್ಲ. ಕೊನೆಗೆ ಮನುಷ್ಯರ ಮುಖವೇ ಸರಿಯಾದ ಅಳತೆ ಎಂದು ಒಪ್ಪಿಕೊಂಡೆ. ಅದೂ ಧಾರಾವಾಹಿಯ ಬಣ್ಣ ಬಳಿದ ಮುಖವಲ್ಲ. ಹಳ್ಳಿಯ ರೈತರನ್ನು ಮಾತಾಡಿಸುವ ಕಾರ್ಯಕ್ರಮದಲ್ಲಿ ಬಿಸಿಲಿನಲ್ಲಿ ನಿಂತವರ ಮುಖ. 'ಶಾರ್ಪ್‌ನೆಸ್' ಇಳಿಸಿದ ಮೇಲೆ ಅಕ್ಷರಗಳ ಸುತ್ತ ಇದ್ದ ಬಿಳಿ ಗೆರೆ ಹೋಯಿತು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳಿರುತ್ತವಂತೆ. ಟೀವಿ ತಾನೇ ನಡುವೆ ಚಿತ್ರ ಹುಟ್ಟಿಸಿ ತುಂಬುವುದರಿಂದ ಆ ಜಾರುಬಂಡೆ ಓಟ. ಹೆಚ್ಚಾಗಿ 'ಮೋಷನ್' ಎಂಬ ಮಾತಿರುವ ಹೆಸರಿನಲ್ಲಿ ಅದು ಅಡಗಿರುತ್ತದೆ, ಆರಿಸಿಬಿಡಿ. ಮತ್ತೊಂದು ಮಾತು, ಬಹಳಷ್ಟು ಟೀವಿಗಳಲ್ಲಿ ಸೆಟ್-ಟಾಪ್ ಬಾಕ್ಸಿಗೆ ಬೇರೆ, ಮೊಬೈಲ್ ಜೋಡಿಸಿದಾಗ ಬೇರೆ ಲೆಕ್ಕ. ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಬರುವುದಿಲ್ಲ.

ಚಿತ್ರ ಸರಿಹೋಯಿತು. ಹುಡುಗನನ್ನು ಮತ್ತೆ ಕರೆಸಿ ಟೀವಿಯನ್ನು ಒಂದೂವರೆ ಅಡಿ ಕೆಳಗಿಳಿಸಿದ ಮೇಲೆ ಅತ್ತೆಯವರ ಕತ್ತು ನೋವೂ ಹೋಯಿತು. ಉಳಿದದ್ದು ದನಿ.

ಹಳೇ ಟೀವಿಯ ಸ್ಪೀಕರುಗಳು ಮುಂದೆ, ನಮ್ಮ ಮುಖಕ್ಕೇ ಇರುತ್ತಿದ್ದವು. ಈ ಹೊಸ ಟೀವಿ ರೊಟ್ಟಿ ಬಡಿದಷ್ಟು ತೆಳ್ಳಗೆ. ಸ್ಪೀಕರು ಕೆಳಗೋ ಬೆನ್ನಿಗೋ ಇದ್ದು ಮಾತು ಗೋಡೆಗೆ ಬಡಿದು ನಮಗೆ ಬರಬೇಕು. ಅದರಲ್ಲೂ ನಮ್ಮ ಪಡಸಾಲೆಗೆ ಪರಸಿ ನೆಲ, ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಗುಡಿಯೊಳಗಿನಂತೆ ಗಂಯ್ ಎನ್ನುತ್ತಿತ್ತು. ಟೀವಿಯ ಎದುರು ಗೋಡೆಗೆ ಅತ್ತೆಯವರು ಹೊಲಿದ ದೊಡ್ಡ ಕೌದಿ ತೂಗುಹಾಕಿದೆ, ನೆಲಕ್ಕೆ ಜಮಖಾನೆ ಹಾಸಿದೆ. ನೋಡಲೂ ಚಂದ, ಗಂಯ್ ಅನ್ನುವುದೂ ಅರ್ಧಕ್ಕರ್ಧ ಕಡಿಮೆಯಾಯಿತು. ದನಿಯ ಪಟ್ಟಿಯಲ್ಲಿ 'ಕ್ಲಿಯರ್ ವಾಯ್ಸ್' ಎಂದಿತ್ತು, ಕೆಲವು ಟೀವಿಗಳಲ್ಲಿ 'ನ್ಯೂಸ್' ಅಥವಾ 'ಸ್ಪೀಚ್' ಎಂದಿರುತ್ತದೆ. ಅದನ್ನು ಹಾಕಿ, 'ಬಾಸ್' ಇಳಿಸಿ, 'ಟ್ರೆಬಲ್' ಎರಡು ಅಂಕಿ ಏರಿಸಿದೆ. ಸೆಟ್-ಟಾಪ್ ಬಾಕ್ಸಿನೊಳಗೆ ಹೋಗಿ ಆಡಿಯೋ 'ಸ್ಟೀರಿಯೋ' ಮಾಡಿದೆ. ಜಾಹೀರಾತು ಬಂದಾಗ ಒಮ್ಮೆಲೇ ಬೆಚ್ಚಿ ಬೀಳುವುದು ತಪ್ಪಲೆಂದು 'ಆಟೋ ವಾಲ್ಯೂಮ್' ಹಚ್ಚಿದೆ. ಸಂಜೆ ಧಾರಾವಾಹಿಯ ಮಾತು ಸ್ವಚ್ಛವಾಗಿ, ಎಳೆ ಎಳೆಯಾಗಿ ಕೇಳಿಸಿತು. ಅತ್ತೆಯವರಿಗೆ ಎಪ್ಪತ್ತೆರಡು ವಯಸ್ಸು, ಅವರು "ಈಗ ಬರೋಬ್ಬರಿ ಆತು ನೋಡ, ಇಪ್ಪತ್ತಕ್ಕ ಇಡ" ಎಂದರು. ಮಗಳಿಗೆ ಹನ್ನೆರಡು ಸಾಕು. ನನಗೆ ಹದಿನೇಳು.

ನಮ್ಮ ಮನೆಯವರು ಶೆಡ್ಡಿನಿಂದ ಬಂದು, ಕೈಕಾಲು ತೊಳೆದು, ಕೂತು, ರಿಮೋಟ್ ತಗೊಂಡು ಮೂವತ್ತಾರಕ್ಕೆ ಏರಿಸಿದರು.

"ಅಲ್ರೀ, ಈಗ ಛೊಲೋ ಕೇಳಸ್ತೈತೆಲ್ಲ, ಮತ್ಯಾಕ?" ಎಂದೆ.

"ದನಿ ಕೇಳಸ್ತೈತಿ, ಮಾತ ತಿಳೀವಲ್ದು. ಇದs ಕೆಟ್ಟ ಟೀವಿ" ಎಂದರು.

ಸೋದರಿಯರೇ, ಒಂದೇ ಟೀವಿ, ಒಂದೇ ಜಮಖಾನೆ, ನಾಲ್ಕು ಜನ. ಎಪ್ಪತ್ತೆರಡರ ಮುದುಕಿಗೆ ಇಪ್ಪತ್ತು, ಐವತ್ತೆರಡರ ಅವರ ಮಗನಿಗೆ ಮೂವತ್ತಾರು. ತಿದ್ದಲು ಟೀವಿಯಲ್ಲಿ ಇನ್ನೇನೂ ಉಳಿದಿರಲಿಲ್ಲ. ರಿಮೋಟ್ ಕೈಯಲ್ಲಿ ಹಿಡಿದುಕೊಂಡೇ ನನ್ನ ಎದೆ ಧಸಕ್ ಎಂದಿತು.

ಅವತ್ತಿನಿಂದ ಕ್ಯಾಲೆಂಡರಿನಲ್ಲಿ ಬರೆಯತೊಡಗಿದೆ. ವಾರ್ತೆಗೆ 28. ಧಾರಾವಾಹಿಗೆ 36. ಬೇರೆ ಭಾಷೆಯಿಂದ ಕನ್ನಡಕ್ಕೆ ಡಬ್ ಆದ ಸಿನಿಮಾಕ್ಕೆ 40, ಆಮೇಲೆ ಬೇಸತ್ತು ಎದ್ದು ಹೋಗುತ್ತಿದ್ದರು. ಯಾಕೆ ಹೀಗೆ ಎಂದು ನನಗೆ ಒಂದು ವಾರ ತಿಳಿಯಲಿಲ್ಲ. ಆಮೇಲೆ ಕಂಡಿಕೆಯ ಬುಟ್ಟಿ ಕೊಡಲು ಶೆಡ್ಡಿಗೆ ಹೋದಾಗ ಹೊಳೆಯಿತು. ಅಲ್ಲಿ ಯಾರೂ ಕಿವಿಯಿಂದ ಕೇಳುವುದಿಲ್ಲ. ನಾಲ್ಕು ಮಗ್ಗ ನಡೆಯುವಾಗ ಎಷ್ಟು ಒದರಿದರೂ ಕೇಳದು. ತುಟಿ ನೋಡಿ, ಕೈಸನ್ನೆ ನೋಡಿ ಮಾತು ತಿಳಿಯುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ನಮ್ಮ ಮನೆಯವರು ವಾರ್ತೆಯನ್ನೂ ತುಟಿ ನೋಡಿಯೇ 'ಕೇಳುತ್ತಿದ್ದರು'! ವಾರ್ತೆಯವಳು ಕ್ಯಾಮೆರಾಕ್ಕೆ ಮುಖ ಕೊಟ್ಟು ಮಾತಾಡುತ್ತಾಳೆ. ಧಾರಾವಾಹಿಯಲ್ಲಿ ಮುಖ ಅತ್ತಿತ್ತ. ಡಬ್ ಆದದ್ದರಲ್ಲಿ ತುಟಿ ಒಂದು, ಮಾತು ಒಂದು. 2020ರ ಲಾಕ್‌ಡೌನಿನಲ್ಲಿ ಕನ್ನಡಕ್ಕೆ ಡಬ್ ಆದ 'ಮಹಾಭಾರತ' ಬಂದಾಗ ನಾವೆಲ್ಲ ಊಟ ಬಿಟ್ಟು ನೋಡಿದರೆ ಇವರೊಬ್ಬರು "ದನಿ ಸರಿ ಇಲ್ಲ" ಎಂದು ಮಾಳಿಗೆ ಮೇಲೆ ಹೋಗಿ ಮಲಗುತ್ತಿದ್ದದ್ದು ಆಗ ನೆನಪಾಯಿತು. ಅಷ್ಟು ವರ್ಷಗಳಿಂದ!

ಹಿಂದಿನದೆಲ್ಲ ಒಂದೊಂದಾಗಿ ಕೂಡಿಕೊಂಡಿತು. ಶ್ರಾವಣದಲ್ಲಿ ವ್ಯಾಪಾರಿಯೊಬ್ಬರು ಫೋನಿನಲ್ಲಿ ಎಂಬತ್ತು ಸೀರೆ ಕೇಳಿದ್ದರು, ಇವರು ಎಪ್ಪತ್ತು ಎಂದು ಕೇಳಿಸಿಕೊಂಡರು. ಮದುವೆಯ ಮಾಲು, ಹತ್ತು ಸೀರೆ ಕಡಿಮೆ ಬಿದ್ದು ಅವರ ಕಡೆಯಿಂದ ಮಾತು ಕೇಳಬೇಕಾಯಿತು. ನಾವೆಲ್ಲ ಫೋನಿನ ಮೇಲೆ ಹಾಕಿ ಸುಮ್ಮನಾಗಿದ್ದೆವು. ಸಂತೆಯ ಗದ್ದಲದಲ್ಲಿ ಯಾರೋ ಕರೆದರೆ ತಿರುಗಿ ನೋಡುವುದಿಲ್ಲ, ಸೊಕ್ಕು ಬಂದಿದೆ ಎನ್ನುವ ಮಂದಿ. ಎಲ್ಲಕ್ಕಿಂತ ನನ್ನನ್ನು ಕೊರೆದದ್ದು ಮಗಳ ಮಾತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ಕಾಲೇಜಿಗೇ ಹೆಚ್ಚು ಅಂಕ ಬಂದಿದ್ದವು. ಬಾಗಿಲಲ್ಲಿ ನಿಂತು ಅಪ್ಪನಿಗೆ ಹೇಳಿದಳಂತೆ. ಅವರು ಟೀವಿ ನೋಡುತ್ತ "ಹೂಂ" ಎಂದರಂತೆ, ಮುಖ ತಿರುಗಿಸಲಿಲ್ಲ. ರಾತ್ರಿ ನನ್ನ ಹತ್ತಿರ ಮಲಗಿದವಳು, "ಅಪ್ಪಗ ನನ್ನ ಮ್ಯಾಲ ಸಿಟ್ಟೇನಬೇ? ನಾ ಮುಂದ ಓದೂದು ಅವರಿಗೆ ಬ್ಯಾಡಾಗೈತೇನ?" ಎಂದಿದ್ದಳು. ನಾನೂ ತಿಳಿಗೇಡಿ, "ಅವರ ಸ್ವಭಾವನ ಹಂಗ" ಎಂದು ಸಮಾಧಾನ ಹೇಳಿದ್ದೆ.

ಅವರಿಗೆ ಹೇಳುವುದು ಸುಲಭವಿರಲಿಲ್ಲ. "ನಾ ಏನ ಕಿವುಡ ಅದೇನಿ? ಮಗ್ಗದಾಗ ಒಂದು ಎಳಿ ಹರದರ ಸಪ್ಪಳದ ಮ್ಯಾಲ ಹೇಳತೇನಿ" ಎಂದು ಎದ್ದೇ ಹೋದರು. ಅದೂ ಸುಳ್ಳಲ್ಲ. ನಾಲ್ಕು ದಿನ ನಮ್ಮ ನಡುವೆ ಮಾತಿಲ್ಲ. ಐದನೇ ದಿನ ನಾನು ಕ್ಯಾಲೆಂಡರ್ ತೆಗೆದು ಅವರ ಮುಂದಿಟ್ಟೆ. ಹಾಲಿನ ಲೆಕ್ಕ ನೋಡುವಂತೆ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡಿದರು. ಜಗಳಕ್ಕೆ ಎದುರುತ್ತರ ಕೊಡಬಹುದು, ಲೆಕ್ಕಕ್ಕೆ ಏನು ಕೊಡುತ್ತಾರೆ? "ಅವ್ವಗ ಇಪ್ಪತ್ತಾ?" ಎಂದು ಎರಡು ಸಲ ಕೇಳಿದರು.

ಬಾಗಲಕೋಟೆಯಲ್ಲಿ ತಪಾಸಣೆ ಮಾಡಿದ ಹುಡುಗಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಬಂದವಳು. 1965ರಿಂದ ಇರುವ ಕೇಂದ್ರ ಸರ್ಕಾರದ ಆ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆಯೆಂದು ನನಗೆ ಅಂದೇ ತಿಳಿದದ್ದು. ಸದ್ದು ಒಳಬರದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಸಣ್ಣ ಸಣ್ಣ ದನಿ ಕೇಳಿಸಿ, ಕೇಳಿದಾಗ ಗುಂಡಿ ಒತ್ತಿ ಎಂದಳು. ಹೊರಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದಳು. ದಪ್ಪ ದನಿಗಳ ಕಡೆ ಗೆರೆ ನೆಟ್ಟಗಿತ್ತು. ಕೀಚು ದನಿಗಳ ಕಡೆ, 4000 ಹರ್ಟ್ಸ್ ಎಂಬಲ್ಲಿ ಬಾವಿಗೆ ಇಳಿದಂತೆ ಇಳಿದಿತ್ತು. "ಮಗ್ಗದ ಸದ್ದಿನಲ್ಲಿ ದುಡಿದವರ ಗೆರೆ ಹೆಚ್ಚಾಗಿ ಹೀಗೇ ಇರ್ತದಮ್ಮ" ಎಂದಳು. ಮಾತಿನಲ್ಲಿ ಸ್ವರಗಳು ದಪ್ಪ ದನಿ, ಅವು ಕೇಳುತ್ತವೆ. ಸ, ಶ, ತ, ಕ, ಪ ಇಂಥವುಗಳ ಅಂಚು ಸಣ್ಣ ದನಿಯಲ್ಲಿರುತ್ತದೆ, ಅದು ಕಳೆದುಹೋಗುತ್ತದೆ. ಅದಕ್ಕೇ 'ದನಿ ಕೇಳಸ್ತೈತಿ, ಮಾತ ತಿಳೀವಲ್ದು'. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ನಾವು ಯಾರೂ ಕೇಳಿಸಿಕೊಂಡಿರಲಿಲ್ಲ. ದನಿ ಏರಿಸಿದರೆ ಕೇಳುವುದೇ ಇನ್ನಷ್ಟು ಕೇಳುತ್ತದೆ, ಹೋದದ್ದು ಹೋದದ್ದೇ.

ನಾವು ಮಾತಾಡುವ ದನಿ ಸುಮಾರು 60 ಡೆಸಿಬೆಲ್ ಅಂತೆ. ಲಾಳಿ ಹೊಡೆಯುವ ಪವರ್‌ಲೂಮುಗಳ ಶೆಡ್ಡಿನಲ್ಲಿ ಅದು 95 ದಾಟುತ್ತದೆ. ನಮ್ಮ ದೇಶದ ಕಾರ್ಖಾನೆ ನಿಯಮದಲ್ಲಿ ದಿನಕ್ಕೆ ಎಂಟು ತಾಸಿಗೆ 90 ಎಂದು ಮಿತಿ ಇದೆ. ಮನೆಯ ಹಿಂದಿನ ಶೆಡ್ಡಿಗೆ, ಹನ್ನೆರಡು ತಾಸಿನ ದುಡಿಮೆಗೆ ಯಾವ ನಿಯಮ ಬಂದು ಬಾಗಿಲು ತಟ್ಟುತ್ತದೆ, ಹೇಳಿ! ಅತ್ತೆಯವರ ಕಾಲದ್ದು ಕೈಮಗ್ಗ. ಅದರ ಸದ್ದಿನಲ್ಲಿ ಹಾಡು ಹೇಳಿಕೊಂಡು ನೇಯುತ್ತಿದ್ದರಂತೆ. ಕಿವಿಯೊಳಗಿನ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಔಷಧವೂ ಇಲ್ಲ ಎಂದಳು. ಕಿವಿಗೆ ಅರಳೆ, ನೂಲಿನ ಚೂರು ತುರುಕಿಕೊಂಡರೆ ಸಾಕು ಎಂದು ನಮ್ಮಲ್ಲಿ ತಿಳಿದಿದ್ದಾರೆ. ಅದರಿಂದ ಏನೂ ಆಗದು, ಹಿಂಡಿ ಒಳಗೆ ಹಾಕಿದರೆ ಉಬ್ಬಿ ಕೂಡುವ ಸ್ಪಂಜಿನ ಬೂಚು ಬೇಕಂತೆ. ಅದಕ್ಕೆ ಬೆಲೆಯೂ ಹೆಚ್ಚಿಲ್ಲ. ಬಂದದ್ದಾಯಿತು ಎಂದು ನನ್ನ ಕಿವಿಯನ್ನೂ ತೋರಿಸಿದೆ. ನನ್ನ ಗೆರೆಯಲ್ಲೂ ಅದೇ ಜಾಗದಲ್ಲಿ ಸಣ್ಣ ತಗ್ಗು ಬಿದ್ದಿದೆ. ಈಗ ಕಂಡಿಕೆ ಸುತ್ತುವಾಗ ನಾನೂ ಬೂಚು ಹಾಕುತ್ತೇನೆ. ಓಣಿಯ ಹೆಂಗಸರು ನಗುತ್ತಾರೆ. ಇಬ್ಬರು ಮಾತ್ರ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಹೋದರು.

ಕಿವಿಯ ಯಂತ್ರಕ್ಕೆ ನಮ್ಮ ಎರಡು ತಿಂಗಳ ಗಳಿಕೆ ಹೋಯಿತು. ತಂದ ಮರುದಿನವೇ ಅದು ಡಬ್ಬಿ ಸೇರಿತು. "ನೀ ಭಾಂಡಿ ತಿಕ್ಕೂದು ತಲಿಯಾಗ ಬಡದಂಗ ಆಗತೈತಿ" ಎಂದರು. ಹದಿನೈದು ದಿನ ಡಬ್ಬಿಯಲ್ಲೇ ಇತ್ತು. ಆ ಹುಡುಗಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಕೇಳದ ಸಣ್ಣ ಸದ್ದುಗಳು ಒಮ್ಮೆಲೇ ಬಂದರೆ ಹಾಗಾಗುತ್ತದೆ, ಮೊದಲು ಮನೆ ಶಾಂತವಾಗಿರುವಾಗ ದಿನಾ ಒಂದು ತಾಸು ಹಾಕಲಿ, ಆಮೇಲೆ ಹೆಚ್ಚಿಸಲಿ, ಮಗ್ಗದ ಹತ್ತಿರ ಮಾತ್ರ ಬೇಡ, ಅಲ್ಲಿ ಬೂಚು ಎಂದಳು. ರಾತ್ರಿ ಮಗ್ಗ ನಿಂತ ಮೇಲೆ ಒಂದು ತಾಸು ಎಂದು ಗೊತ್ತುಮಾಡಿದೆವು. ಆ ಹೊತ್ತಿಗೆ ನಾನು ಭಾಂಡೆ ಮುಟ್ಟುವುದಿಲ್ಲ. ಮಗಳಿಗೂ ಹೇಳಿದ್ದೇನೆ, ಬಾಗಿಲಲ್ಲಿ ನಿಂತು ಹೇಳಬೇಡ, ಎದುರಿಗೆ ಕೂತು, ಮುಖ ಕೊಟ್ಟು ಹೇಳು ಅಂತ. ಮೊದಲ ದಿನ ಅವಳು ಟೀವಿ ಆರಿಸಿ, ಅವರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ತನ್ನ ಅಂಕಗಳನ್ನು ವಿಷಯವಾರು ಒಪ್ಪಿಸಿದಳು. ಅವರು ಎಲ್ಲ ಕೇಳಿ, "ಇದನ್ನ ಆವಾಗs ಯಾಕ ಹೇಳಲಿಲ್ಲ?" ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಸುಮ್ಮನಿರು ಎಂದು ಸನ್ನೆ ಮಾಡಿದೆ.

ಕ್ಯಾಲೆಂಡರಿನ ಅಂಕಿ ಈಗ ಇಪ್ಪತ್ತೆರಡಕ್ಕೆ ಬಂದಿದೆ. ಕೆಲವು ದಿನ ಯಂತ್ರ ಹಾಕಲು ಬೇಸರಪಟ್ಟರೆ ಮೂವತ್ತು. ಡಬ್ ಆದ ಸಿನಿಮಾ ಈಗಲೂ ಅವರಿಗೆ ಸೇರುವುದಿಲ್ಲ.

ಯುಗಾದಿಗೆ ಮಗ ಬಂದಿದ್ದ. ಚೀಲ ಇಳಿಸಿದವನೇ ಟೀವಿ ಹಚ್ಚಿ, "ಅವ್ವಾ, ಇದೇನ ಇಷ್ಟ ಮಬ್ಬ ಮಾಡಿ ಇಟ್ಟೀರಿ?" ಎಂದು ಮೆಲ್ಲಗೆ ಗೊಣಗಿಕೊಳ್ಳುತ್ತ ರಿಮೋಟ್ ತಗೊಂಡ. ನಮ್ಮ ಮನೆಯವರು ಒಳಗಿನ ಕೋಣೆಯಲ್ಲಿ ನಮಗೆ ಬೆನ್ನು ಮಾಡಿ ಹೊಸ ಅಂಗಿ ಹಾಕಿಕೊಳ್ಳುತ್ತಿದ್ದರು. ಅಲ್ಲಿಂದಲೇ ಒದರಿದರು: "ತಮ್ಮಾ, ಅದನ್ನ ಮುಟ್ಟಬ್ಯಾಡ. ನಿಮ್ಮವ್ವ ಹಚ್ಚಿಟ್ಟಾಳ."